ತಾತನ ಸಾಲಿನಲ್ಲಿ ಮೊಮ್ಮಗ

ನಮ್ಮತ್ತೆ ನನ್ನ ಆರು ತಿಂಗಳ ಮಗನಿಗೆ ಬಹುವಚನ ಕೊಡುತ್ತಿದ್ದರು. ಬೆಳಿಗ್ಗೆ ತೊಟ್ಟಿಲ ಹತ್ತಿರ ಸೆರಗು ಸರಿಮಾಡಿಕೊಂಡು ನಿಂತು, ಎದ್ರಾ, ಹಾಲು ಕುಡೀತೀರಾ ಎಂದು ಕೇಳುತ್ತಿದ್ದರು. ಮಗು ಹುಟ್ಟುವ ಹಿಂದಿನ ವರ್ಷ ಮಾವ ತೀರಿಕೊಂಡಿದ್ದರು. ಅವರ ಹೆಸರನ್ನೇ ಮಗುವಿಗೆ ಇಟ್ಟಿದ್ದೆವು. ನನಗೆ ಅತ್ತೆಯ ಮರ್ಯಾದೆ ನೋಡಿ ನಗು ಬರುತ್ತಿತ್ತು.

ಮನೆಯಲ್ಲೇ ಕೂತು ನಾನಾಗ ಒಂದು ಲೈಬ್ರರಿ ಬರೆಯುತ್ತಿದ್ದೆ. ಪುಸ್ತಕಗಳದ್ದಲ್ಲ, ಪ್ರೋಗ್ರಾಮಿನೊಳಗಿನ ಮಾಹಿತಿಯನ್ನು ಡೇಟಾಬೇಸಿನ ಸಾಲುಗಳಿಗೆ ಒಯ್ದು, ಬೇಕೆಂದಾಗ ತಂದುಕೊಡುವ ಕೋಡ್. ಪ್ರತಿ ಸಾಲಿಗೂ ಒಂದು ಕೀ ಬೇಕು, ಇದು ಇಂಥವರದೇ ಎನ್ನುವ ಗುರುತು. ಸುಮ್ಮನೆ ನಂಬರ್ ಕೊಡು ಎಂದರು ಜೊತೆಯವರು. ಮನುಷ್ಯರೇನು ಬಸ್ಸುಗಳೇ ಎಂದು ನಾನು ಜಗಳಕ್ಕೇ ನಿಂತೆ. ಮನೆತನ, ಸ್ವಂತ ಹೆಸರು, ಅಪ್ಪನ ಹೆಸರು ಮೂರನ್ನೂ ಸೇರಿಸಿ ಕೀ ಮಾಡಿದೆ. ಪರೀಕ್ಷೆಗೆಂದು ಮನೆಯವರನ್ನೇ ಫೋಟೋ ಸಮೇತ ಹಾಕಿಕೊಂಡಿದ್ದೆ. ಮಾವ ಹೋದಾಗ ಅವರ ಸಾಲಿನಲ್ಲಿ ‘ಮೃತ’ ಎಂದು ಗುರುತು ಹಾಕಿದ್ದೂ ನಾನೇ.

ಒಂದು ಮಧ್ಯಾಹ್ನ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನನ್ನೂ ಸೇರಿಸಿದೆ, ಫೋಟೋ ಇನ್ನೂ ಹಾಕಿರಲಿಲ್ಲ. ಹೊಸ ಸಾಲು ಹುಟ್ಟಲಿಲ್ಲ. ಮಗನ ಹೆಸರು ಹುಡುಕಿದರೆ ಮಾವನ ಮುಖ ತೆರೆದುಕೊಂಡಿತು. ಕೆಳಗೆ ನನ್ನ ಮಗ ಹುಟ್ಟಿದ ದಿನ, ಪಕ್ಕದಲ್ಲಿ ‘ಮೃತ’. ಮಗು ಆ ಮುಖ ನೋಡಿ ಕೇಕೆ ಹಾಕಿ ನಕ್ಕಿತು. ಆಮೇಲೆ ಮಾವ ಉಜ್ಜಿಕೊಳ್ಳುತ್ತಿದ್ದ ಹಾಗೆಯೇ ಎಡಗಿವಿ ಉಜ್ಜಿಕೊಂಡಿತು. ನಾನು ಅವನನ್ನು ಪರದೆಯಿಂದ ಆಚೆ ತಿರುಗಿಸಿಕೊಂಡೆ.

ಕಾರಣ ಹೊಳೆಯಲು ಹೊತ್ತು ಹಿಡಿಯಿತು. ಈ ಮನೆಯಲ್ಲಿ ಹಿರಿಮಗನಿಗೆ ತಾತನ ಹೆಸರು. ನನ್ನ ಗಂಡನಿಗಿರುವುದು ಮಾವನ ಅಪ್ಪನ ಹೆಸರು. ಹಾಗಾಗಿ ಹೆಸರು, ಅಪ್ಪನ ಹೆಸರು ಎರಡೂ ಒಂದು ತಲೆಮಾರು ದಾಟಿ ಇದ್ದ ಹಾಗೇ ತಿರುಗಿ ಬರುತ್ತವೆ. ನನ್ನ ಲೈಬ್ರರಿಯ ಪಾಲಿಗೆ ತಾತ, ಮೊಮ್ಮಗ ಒಬ್ಬರೇ; ಮಗ ಹುಟ್ಟಿದ ದಿನವನ್ನು ಅದು ತಾತನ ಸಾಲಿನಲ್ಲೇ ಬರೆದಿತ್ತು. ಕಾರಣ ತಿಳಿದರೂ ಹೆದರಿಕೆ ಹೋಗಲಿಲ್ಲ. ನನಗೆ ನನ್ನ ಮಗ ಬೇಕಿತ್ತು, ಅವನೊಬ್ಬನೇ.

ಅಷ್ಟರಲ್ಲಿ ಅತ್ತೆ ಹಿಂದೆ ಬಂದು ನಿಂತಿದ್ದರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ನಾನ್ ಹೇಳ್ಲಿಲ್ವೇನವ್ವಾ, ಅವ್ರೇ ಬಂದವ್ರೆ ಅಂತ,” ಎಂದರು.

ನಾನು ಕೀಯ ಬಗೆಯನ್ನೇ ಬದಲಿಸಲು ಕೂತೆ. ಈಗ ಅದು ಬರೀ ಒಂದು ಸಂಖ್ಯೆ. ಒಬ್ಬರಿಗೆ ಕೊಟ್ಟರೆ, ಅವರು ಸತ್ತರೂ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಸಂಜೆಯ ಹೊತ್ತಿಗೆ ಮಾವನದೊಂದು ಸಾಲು, ಮಗನದೊಂದು ಸಾಲು ಆಯಿತು. ಅತ್ತೆಯನ್ನು ಕರೆದು, ನೋಡಿ, ಇಬ್ಬರೂ ಬೇರೆ ಬೇರೆ ಎಂದು ತೋರಿಸಿದೆ. ಗೆದ್ದ ಖುಷಿ ನನ್ನ ದನಿಯಲ್ಲಿ ಇದ್ದಿರಬೇಕು.

ಅವರು ಪರದೆಯ ಮೇಲೆ ಮಾವನ ಸಾಲನ್ನು ಬೆರಳಿನಿಂದ ಮುಟ್ಟಿದರು.

“ಹಂಗಾದ್ರೆ ಅವ್ರು ಸತ್ತೇಹೋದ್ರಾ?” ಎಂದು ನನ್ನನ್ನು ಕೇಳಿದರು.