ಪಳಗಿದ ಕೈಗೆ ಮಾತ್ರೆ

ನಾನು ಹಾಕಿದ ಒಂದು ರೀಲ್‌ನಿಂದಾಗಿ ಒಬ್ಬ ರೀಲರ್ ಆಸ್ಪತ್ರೆ ಮೆಟ್ಟಿಲು ಹತ್ತಬೇಕಾಯಿತು. (ಪನ್ ಅಲ್ಲ, ನಡೆದದ್ದೇ ಹಾಗೆ.)

ಅಕ್ರಂ ಭಾಯ್ ರಾಮನಗರದಲ್ಲಿ ನಮ್ಮ ಹಿಂದಿನ ಬೀದಿಯವರು. (ಹೆಸರು ಬದಲಿಸಿದ್ದೇನೆ, ವಿಡಿಯೊ ಅಳಿಸಿದ್ದೇನೆ, ಹುಡುಕಬೇಡಿ.) ಕೆಲಸ ರೇಷ್ಮೆ ನೂಲು ತೆಗೆಯುವುದು, ಅಂದರೆ ರೀಲರ್. ಹೊಗೆಯಾಡುವ ನೀರಿಗೆ ಬರಿಗೈ ಇಳಿಸಿ, ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಬೇಕು. ಉಳಿದವರು ಆಗಾಗ ಕೈ ಕೊಡವಿ ಬಾಯಿಂದ ಗಾಳಿ ಊದುತ್ತಾರೆ. ಭಾಯ್ ಊದಿದ್ದೇ ಇಲ್ಲ.

ಜೊತೆಯಲ್ಲಿ ಕೆಲಸ ಮಾಡುವ ಸಿದ್ದರಾಜು ಹೆಮ್ಮೆಯಿಂದ ಹೇಳಿದ: "ಭಾಯ್ ಕೈ ಪಳಗೋಗೈತೆ ಕಣಣ್ಣ. ಬಿಸಿ ಅನ್ನೋದೇ ಗೊತ್ತಾಗಕ್ಕಿಲ್ಲ."

'ಕೌಶಲ ಅಂದರೆ ಇದು' ಎಂದು ಬರೆದು ವಿಡಿಯೊ ಹಾಕಿದೆ. ಲೈಕುಗಳ ನಡುವೆ ಒಂದು ಮೆಸೇಜ್ ಬಂತು. ಕಳಿಸಿದವರು ಒಬ್ಬ ಚರ್ಮದ ಡಾಕ್ಟರ್. "ಅವರನ್ನು ಒಮ್ಮೆ ಕರೆದುಕೊಂಡು ಬನ್ನಿ. ಆ ಬಲಗೈ ನೋಡಬೇಕು."

ಚರ್ಚಾಸ್ಪರ್ಧೆಯಲ್ಲಿ ಬೆಳೆದವನು ನಾನು, ಸುಮ್ಮನಿರುತ್ತೇನೆಯೇ? "ಮೇಡಂ, ಮೊಡವೆ, ತಲೆಹೊಟ್ಟು ನಿಮ್ಮದು. ದುಡಿಯುವವನ ಕೌಶಲವನ್ನೂ ಕಾಯಿಲೆ ಮಾಡಬೇಡಿ" ಎಂದೆ. "ಐದು ನಿಮಿಷ ಸಾಕು, ಕೌಶಲವೋ ಕಾಯಿಲೆಯೋ ಹೇಳ್ತೀನಿ" ಎಂದರು. ಸವಾಲು! ಹೋದೆವು.

ಡಾಕ್ಟರ್ ಭಾಯ್ ಅವರ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಎಡಗೈ ಸವರಿದರು. ಭಾಯ್ ಕಚಗುಳಿಗೆ ನಕ್ಕರು. ಆಮೇಲೆ ಬಲಗೈ. ಒಂದು ಸಲ, ಎರಡು, ಮೂರು, ನಾಲ್ಕು.

"ಶುರು ಮಾಡಿ ಮೇಡಂ" ಎಂದರು ಭಾಯ್, ಕಣ್ಣು ಮುಚ್ಚಿಕೊಂಡೇ.

ನನ್ನ ವಾದ ಅಲ್ಲಿಗೆ ಮುಗಿಯಿತು.

ಮೊಣಕೈ ಕೆಳಗೊಂದು ಮಾಸಲು ಮಚ್ಚೆ ಇತ್ತು, ವಿಡಿಯೊದಲ್ಲಿ ಡಾಕ್ಟರ್ ಕಣ್ಣಿಗೆ ಬಿದ್ದದ್ದು ಅದೇ. ತುರಿಕೆ ಇಲ್ಲ, ನೋವಿಲ್ಲ, ಅದಕ್ಕೇ ಭಾಯ್ ಬಿಟ್ಟಿದ್ದರು. ಇನ್ನೂ ಒಂದೆರಡು ಪರೀಕ್ಷೆ ಆದ ಮೇಲೆ ಡಾಕ್ಟರ್ ಬಾಗಿಲು ಮುಂದೆ ಮಾಡಿ ಹೆಸರು ಹೇಳಿದರು. ಕುಷ್ಠ. ಮಾತ್ರೆಗೆ ಪೂರ್ತಿ ವಾಸಿಯಾಗುತ್ತದೆ, ಮಾತ್ರೆ ಉಚಿತ, ಮನೆಯವರನ್ನೂ ಒಮ್ಮೆ ಕರೆತನ್ನಿ, ಸದ್ಯ ಬಿಸಿನೀರಿಗೆ ಕೈ ಹಾಕಬೇಡಿ.

"ಇಲ್ಲಿ, ಬ್ರೆಜಿಲ್‌ನಲ್ಲಿ, ಆಫ್ರಿಕಾದಲ್ಲಿ, ಎಲ್ಲ ಕಡೆ ಇದೇ ಕಥೆ" ಎಂದರು ನನ್ನ ಕಡೆ ತಿರುಗಿ. "ನೋವಿಲ್ಲ ಅಂತ ಯಾರೂ ಬರಲ್ಲ. ಬರೋ ಹೊತ್ತಿಗೆ ಬೆರಳು ಮಡಚಿಕೊಂಡಿರುತ್ತೆ. ನಮ್ಮನ್ನ ನೀವು ಮೊಡವೆಗೆ ಮಾತ್ರ ಇಟ್ಟುಕೊಂಡಿದ್ದೀರಿ."

ಭಾಯ್‌ಗೆ ಆಫ್ರಿಕಾ ಬೇಕಿರಲಿಲ್ಲ. "ಮಾತ್ರೆ ತಿಂದ್ರೆ ಕೈಗೆ ಬಿಸಿ ಗೊತ್ತಾಗ್ತದಾ ಮೇಡಂ?"

"ಆಗಬಹುದು. ಆಗಲಿ ಅಂತಲೇ ಬೇಗ ಕೊಡ್ತಿರೋದು."

"ಅಂದ್ರೆ ಉರಿ ಬರೋಕೆ ಔಷಧಿ?"

ಡಾಕ್ಟರ್ ನಕ್ಕರು. ನನಗೆ ನಗು ಬರಲಿಲ್ಲ. ನೋವು ಹೋಗಲಿ ಎಂದು ತಾನೇ ಜನ ಆಸ್ಪತ್ರೆಗೆ ಹೋಗುವುದು? ಆ ಕೈ ಉರಿಯುವುದಿಲ್ಲ ಎಂದೇ ಈ ಮನುಷ್ಯನಿಗೆ ಎಲ್ಲರಿಗಿಂತ ಮೊದಲು ಕೆಲಸ ಸಿಗುತ್ತಿತ್ತು. ಹಾಗೇ ಬಿಟ್ಟರೆ ಕೈಯೇ ಇರುವುದಿಲ್ಲ ಎಂಬುದೂ ನಿಜ. ಪರವೂ ನಾನೇ, ವಿರೋಧವೂ ನಾನೇ, ಗಂಟೆ ಬಾರಿಸುವವರು ಮಾತ್ರ ಯಾರೂ ಇಲ್ಲ.

"ತಿನ್ನಿ ಭಾಯ್" ಎಂದೆ ಬರುವಾಗ.

"ಆವತ್ತು ಕೌಶಲ ಅಂದೆ. ಇವತ್ತು ಕಾಯಿಲೆ ಅಂತೀಯ. ನಿಂದೊಂದು ನಾಲಿಗೆನಾ?" ಎಂದರು. ತಿಂದರು, ಪುಣ್ಯ. ಮನೆಯವರನ್ನೂ ತೋರಿಸಿದರು. ನೂಲು ತೆಗೆಯುವ ಯೂನಿಟ್‌ನಲ್ಲಿ ಮಾತ್ರ ನರದ ವೀಕ್ನೆಸ್ ಎಂದಷ್ಟೇ ಹೇಳಿ, ಬಿಸಿನೀರು ಬಿಟ್ಟು ಒಳ್ಳೆಯ ಗೂಡು ಆರಿಸುವ ಕೆಲಸಕ್ಕೆ ಕೂತರು. ತಿಂಗಳುಗಳು ಕಳೆದವು.

ಮೊನ್ನೆ ಸಿದ್ದರಾಜು ಸಿಕ್ಕಿದ. ಮುಖ ಸಪ್ಪಗಿತ್ತು.

"ಭಾಯ್ ಕೈ ಕೆಟ್ಟೋಯ್ತಣ್ಣ."

ಅವನ ತೋಳು ಹಿಡಿದು ನಿಲ್ಲಿಸಿದೆ. "ಏನಾಯ್ತೋ?"

"ಟೀ ಲೋಟ ಇಡ್ಕಂಡು 'ಸ್ಸ್' ಅಂತ ಬುಟ್ಬುಟ್ರು. ಎಂಥಾ ಕೈ ಅದು. ಓನರ್ರೂ ನೋಡುದ್ರು. ಇನ್ನ ಬಿಸಿನೀರ್ ತೊಟ್ಟಿ ತಾವ ಕೂರಿಸಕ್ಕಿಲ್ವಂತೆ."

ಡಾಕ್ಟರ್‌ಗೆ ಫೋನ್ ಮಾಡಿ ಹೇಳಿದೆ. ಅವರ ಖುಷಿಗೆ ಪಾರವಿಲ್ಲ.

ನಾನೀಗ ಭಾಯ್ ಮನೆಗೆ ಹೋಗಬೇಕು. ಕಂಗ್ರಾಟ್ಸ್ ಹೇಳುವುದೋ, ಸಮಾಧಾನ ಹೇಳುವುದೋ?