ಶೀಲಾವತಿಯ ಎರಡು ಕೆನ್ನೆ

ಮುಂಬಯಿಯ ಚೆಂಬೂರಿನ ಶೀಲಾವತಿ ಅರವತ್ತರ ಹತ್ತಿರದವಳು. ಗಂಡ ಕೊರಗಪ್ಪನ ಸಣ್ಣ ಹೋಟೆಲಿನಲ್ಲಿ ಗೋಳಿಬಜೆ ಕರಿಯುತ್ತ, ಬಾಣಲೆಯ ಬಿಸಿಗೆ ಮುಖ ಒಡ್ಡಿಯೇ ಅವಳ ಪ್ರಾಯ ಕಳೆದಿತ್ತು. ಆ ಮುಖವನ್ನು ಯಾರಾದರೂ ನೆಟ್ಟಗೆ ನೋಡಿ ಎಷ್ಟು ಕಾಲವಾಯಿತೋ ನೆನಪಿಲ್ಲ. ಕಾಂದಿವಲಿಯ ಪ್ರಯೋಗಾಲಯವೊಂದು ಸುಕ್ಕಿನ ಔಷಧಿಯ ಪರೀಕ್ಷೆಗೆ ಹೆಂಗಸರನ್ನು ಹುಡುಕುತ್ತಿದೆ ಎಂದು ಬಿಲ್ಡಿಂಗಿನ ವಾಟ್ಸಾಪಿನಲ್ಲಿ ಬಂದಾಗ ಹೆಸರು ಕೊಟ್ಟುಬಿಟ್ಟಳು.

ಅಲ್ಲಿ ಧಾರವಾಡದ ಶೈಲಾ ಎಂಬ ಹುಡುಗಿ ಎರಡು ಟ್ಯೂಬ್ ಕೊಟ್ಟಳು. ಒಂದು ಎಡಗೆನ್ನೆಗೆ, ಇನ್ನೊಂದು ಬಲಗೆನ್ನೆಗೆ. ಒಂದರಲ್ಲಿ ಒಂದೆಲಗದ ಸಾರ, ಇನ್ನೊಂದರಲ್ಲಿ ಬರೀ ಕ್ರೀಮು. ಯಾವುದು ಯಾವುದೆಂದು ಶೈಲಾಗೂ ತಿಳಿಸಿರಲಿಲ್ಲ.

"ಒಂದೆಲಗ ಅಂದ್ರೆ ನಮ್ಮ ತಿಮರೆ ಅಲ್ವಾ? ಅದರ ಚಟ್ನಿ ತಿಂದೇ ದೊಡ್ಡವಳಾದದ್ದು. ಆದ್ರೂ ನೋಡು ನನ್ನ ಮುಖ!"

"ಚಟ್ನಿ ಹೊಟ್ಟಿಗೆ ಹೋತಲ್ರೀ ಅಕ್ಕಾರ, ಮಾರಿಗೆ ಹತ್ತಲಿಲ್ಲ," ಎಂದಳು ಶೈಲಾ.

ಆಮೇಲೆ ಎರಡು ಕಡೆ ಲೋಕಲ್ ಬದಲಿಸಿ ಹೋಗಿಬರುವುದು ರೂಢಿಯಾಯಿತು. ಶೈಲಾ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಿದ್ದಳು, ಕಣ್ಣಂಚಿನ ಗೆರೆಗಳ ಮೇಲೆ ಸುಕ್ಕು ಅಳೆಯುವ ಯಂತ್ರವನ್ನು ಮೆಲ್ಲಗೆ ಊರುತ್ತಿದ್ದಳು. ಶೀಲಾವತಿಗೆ ಬೇಕಾದದ್ದು ಅಷ್ಟೇ. ಔಷಧಿ ನೆಪ.

"ಇವತ್ತು ಯಾವ ಬದಿ ಮದುಮಗಳು?" ಎಂದು ಕೊರಗಪ್ಪ ಗಲ್ಲಾದಿಂದಲೇ ಕೆಣಕುತ್ತಿದ್ದ. ಅವಳು ಸ್ಟೀಲಿನ ಮುಚ್ಚಳದಲ್ಲಿ ನೋಡಿಕೊಂಡರೆ ಒಮ್ಮೆ ಎಡ ಹೊಸದೆನಿಸುತ್ತಿತ್ತು, ಒಮ್ಮೆ ಬಲ. ಒಮ್ಮೊಮ್ಮೆ ಎರಡೂ ಬೇರೆ ಯಾರವೋ.

ಕೊನೆಗೊಂದು ದಿನ ಯಂತ್ರ ನೋಡಿ ಶೈಲಾಳ ಹುಬ್ಬು ಗಂಟಾಯಿತು. ಎರಡೂ ಬದಿಯ ಸುಕ್ಕು ಒಂದೇ ಸಮ ಇಳಿದಿತ್ತು.

"ಹೆಂಗ ಹಚ್ಕೋತೀರಿ, ತೋರಸ್ರಿ."

ಶೀಲಾವತಿ ಎಡಗೆನ್ನೆಗೆ ಹಚ್ಚಿದಳು. ಅಂಗೈಯಲ್ಲಿ ಉಳಿದದ್ದು ತಾನಾಗಿ ಬಲಗೆನ್ನೆಗೆ ಹೋಯಿತು. ಶೈಲಾ ಅವಳ ಕೈ ಹಿಡಿದುಕೊಂಡಳು.

"ಅಯ್ಯ, ಇದೇನ್ ಮಾಡಿದ್ರಿ!"

"ಅರಶಿನ ಹಚ್ಚುವ ಹಾಗೆ ಮಾರಾಯ್ತಿ. ಮುತ್ತೈದೆ ಒಂದೇ ಕೆನ್ನೆಗೆ ಹಚ್ಚಿ ಬಿಡ್ಲಿಕ್ಕುಂಟಾ?"

ಶೈಲಾಗೆ ನಗು ಬಂತು, ಆದರೆ ಉಳಿಯಲಿಲ್ಲ. "ಇನ್ನ ನಿಮ್ಮನ್ನ ಇದರಾಗ ಇಟ್ಕೊಳ್ಳಾಕ ಬರಂಗಿಲ್ರಿ."

"ಸುಕ್ಕು ಕಡಿಮೆ ಆದದ್ದು ಹೌದಲ್ವಾ?"

"ಹೌದ್ರಿ. ಯಾತರಿಂದ ಆತು ಅಂತ ಹೇಳಾಕ ಬರಂಗಿಲ್ಲ. ತಿಮರೆನೋ, ಬರೇ ಕ್ರೀಮೋ, ಇಲ್ಲಿಗೆ ಬರೋ ದಿನ ಬಾಣಲಿ ಮುಂದ ನಿಲ್ಲಲಿಲ್ಲ ಅಂತನೋ."

ಶೀಲಾವತಿಗೆ ತಲೆಬುಡ ತಿಳಿಯಲಿಲ್ಲ. ಆದದ್ದು ಆಗಿದೆ, ಮುಖವೂ ಇದೆ, ಆದರೂ ಲೆಕ್ಕಕ್ಕಿಲ್ಲ. ಟ್ಯೂಬುಗಳನ್ನು ಮೇಜಿನ ಮೇಲಿಟ್ಟಳು. ಎದ್ದವಳು ಮತ್ತೆ ಅದೇ ಕುರ್ಚಿಯಲ್ಲಿ ಕುಳಿತಳು.

"ಇಷ್ಟು ದೂರ ಬಂದದ್ದು. ಒಮ್ಮೆ ನೋಡಿಬಿಡು."

ಶೈಲಾ ಬಾಗಿಲ ಕಡೆ ನೋಡಿದಳು. ಯಂತ್ರವನ್ನು ಆಗಲೇ ಆರಿಸಿಯಾಗಿತ್ತು. ಸ್ಟೂಲನ್ನು ಹತ್ತಿರ ಎಳೆದುಕೊಂಡು, ಗದ್ದ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಕಣ್ಣ ಮುಚ್ಚರಿ, ಅಕ್ಕಾರ."

ಯಾವ ಕೆನ್ನೆ ಚೆನ್ನಾಗಿದೆ ಎಂದು ಶೀಲಾವತಿ ಕೇಳಲಿಲ್ಲ.