ಮೇಸ್ತ್ರಿಯ ಹಲ್ಲಿನ ಗುರುತು

ಮೇಸ್ತ್ರಿಯ ಉದ್ದನೆಯ ಸ್ಕ್ರೂಡ್ರೈವರಿಗೆ ಮರದ ಹಿಡಿ. ಆ ಹಿಡಿಯ ತುದಿಯಲ್ಲಿ ಮೇಲೂ ಕೆಳಗೂ ಹಲ್ಲಿನ ಗುರುತುಗಳು, ಇಲಿ ಕಡಿದ ಹಾಗೆ. ಎಲೆಅಡಿಕೆಯ ಕೆಂಪು ಇಳಿದು ಆ ಗುಳಿಗಳು ಕಂದಾಗಿದ್ದವು. ಮೊದಲ ಸಲ ನೋಡಿದಾಗ ನನಗೆ ಡಿಸ್‌ಗಸ್ಟ್ ಆಯಿತು, ಸುಳ್ಳೇಕೆ ಹೇಳಲಿ. ನಮ್ಮ ಕಾನ್ವೆಂಟಿನಲ್ಲಿ ಪೆನ್ಸಿಲ್ ಕಚ್ಚಿದರೆ ಸಿಸ್ಟರ್ ಗೆಣ್ಣಿನ ಮೇಲೆ ಸ್ಕೇಲಿನಿಂದ ಬಾರಿಸುತ್ತಿದ್ದರು.

ಮೇಸ್ತ್ರಿಯ ಗಾಡಿ ರಿಪೇರಿ ಶೆಡ್ಡು ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಲ್ಲಿ, ಹೊಂಗೆಮರದ ಕೆಳಗಿತ್ತು. ಯಜಮಾನರು ಹೋದಮೇಲೆ ಮಾವಿನ ತೋಟವೂ ಅದರ ಹಳೇ ಪಿಕಪ್ಪೂ ನನ್ನ ತಲೆಗೆ ಬಂದವು. ಗಾಡಿ ಕೆಟ್ಟಾಗಲೆಲ್ಲ ಡ್ರೈವರ್ ಜೊತೆ ನಾನೂ ಹೋಗುತ್ತಿದ್ದೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ, ಅವರದ್ದೂ ಅಲ್ಲ. ಟೀ ಕುಡಿಯುವಾಗಲೂ ಸ್ಪಾನರಿನಿಂದ ತೊಡೆ ತಟ್ಟಿಕೊಳ್ಳುತ್ತ ಶೆಡ್ಡಿನ ತುಂಬ ಅಡ್ಡಾಡುತ್ತಿದ್ದರು. ಜಂಬವೂ ಇತ್ತು.

“ಗಾಡಿ ಒಳಗೆ ಬರೋ ಮುಂಚೇನೇ ಕಾಯಿಲೆ ಏನು ಅಂತ ಹೇಳ್ಬಿಡ್ತೀನಿ ಮೇಡಮ್ಮಾ. ನಂದು ಕಿವಿ ಅಲ್ಲ, ಸ್ಟೆತಾಸ್ಕೋಪು.”

ಹಿಂದಿನ ಚಕ್ರಗಳನ್ನು ಜಾಕ್ ಮೇಲೆತ್ತಿ, ಇಂಜಿನ್ ಓಡಿಸಿ, ಕೆಳಗೆ ನುಸುಳಿ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲಿಗೆ ಒತ್ತುತ್ತಿದ್ದರು. ಹಿಡಿಯನ್ನು ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಒಮ್ಮೆ, ನಾನೂ ನೋಡಲೇ ಎಂದು ಕೈ ಚಾಚಿದೆ. ಥಟ್ಟನೆ ಬೆನ್ನ ಹಿಂದೆ ಅಡಗಿಸಿಕೊಂಡರು. “ವದ್ದಮ್ಮಾ, ಬೇಡ, ಎಂಜಲು ಅದು. ನೀವು ಕಚ್ಚೋದಾ? ಪಾಪ ಸುತ್ಕೊಳ್ತದೆ ನಂಗೆ.”

ಒಂದು ವರ್ಷ ತೋಟದಲ್ಲಿ ತೋತಾಪುರಿ ಕಿತ್ತು ರಾಶಿ ಹಾಕಿದ್ದೆವು. ಅದೇ ಹೊತ್ತಿಗೆ ಗಾಡಿಯ ಹಿಂದೆ ಗುಂಯ್ ಎಂಬ ಸದ್ದು ಶುರುವಾಯಿತು. ಮೇಸ್ತ್ರಿ ಹಿಡಿ ಕಚ್ಚಿ ಎದ್ದರು. “ಕ್ರೌನು ಹೋಗಿದೆ.” ಆಕ್ಸಲಿನ ನಡುವೆ ಗುಂಡಗಿರುವ ಭಾಗದೊಳಗೆ ಕೂರುವ ದೊಡ್ಡ ಹಲ್ಲುಚಕ್ರವೇ ಕ್ರೌನು. ಎಲ್ಲ ಬಿಚ್ಚಿ ಹರಡಿದರು. ಬಿಸಿಲು ಏರುತ್ತಿತ್ತು. ತೋಟದಲ್ಲಿ ಕಾಯಿ ಬಣ್ಣ ತಿರುಗುತ್ತಿದೆಯೇನೋ ಎಂದು ನನಗೆ ಒಳಗೊಳಗೇ ಕುದಿ. ಕ್ರೌನನ್ನು ಸೀಮೆಎಣ್ಣೆಯಲ್ಲಿ ತೊಳೆದು, ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ.

“ಏನ್ ಮೇಸ್ತ್ರಿ, ಹಲ್ಲು ಎಣಿಸ್ತಿದೀರಾ? ಎಲ್ಲಾ ಇದಾವಾ?” ಎಂದು ನಮ್ಮ ಡ್ರೈವರ್ ಹಿಂದಿನಿಂದ ಕಿಚಾಯಿಸಿದ. ಬೈಯಲಿ ಎಂದೇ ಕಿಚಾಯಿಸಿದ್ದು. ಅವರು ತಿರುಗಲೂ ಇಲ್ಲ. ಪಕ್ಕದಲ್ಲೇ ಅವರ ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಅದಕ್ಕೂ ತಿರುಗಲಿಲ್ಲ. ಆಗ ನನಗೆ ಹೊಳೆಯಿತು.

ಡ್ರೈವರನನ್ನು ಟೀಗೆ ಕಳಿಸಿ, ಅವರೆದುರು ಹೋಗಿ ನಿಂತು ನಿಧಾನವಾಗಿ ಕೇಳಿದೆ. “ಎಷ್ಟು ದಿನದಿಂದ ಮೇಸ್ತ್ರಿ?”

ನನ್ನ ತುಟಿ ನೋಡಿದರು. ಮೊದಲ ಸಲ ಅವರ ಕೈಕಾಲು ಸುಮ್ಮನಾದದ್ದು ಕಂಡೆ.

“ಎಡಗಿವಿ ಪೂರ್ತಿ ಹೋಯ್ತು. ಬಲಗಡೇದು ಅರ್ಧ. ಕಚ್ಚಿದ್ರೆ ಮೂಳೆ ಒಳಗಿಂದ ಸದ್ದು ಬರ್ತದೆ, ಅದ್ರಲ್ಲೇ ಕಾಲ ತಳ್ತಾ ಇದೀನಿ. ಜಾಕ್ ಮೇಲೆ ಭಾರ ಇರಲ್ಲ ನೋಡಿ, ಚಕ್ರದ ಬೇರಿಂಗ್ ಆದ್ರೆ ಬಾಯಿ ಬಿಡಲ್ಲ. ರೋಡಲ್ಲೇ ಕೇಳ್ಬೇಕು. ಅದು ನಂಗೆ ಆಗಲ್ಲ.” ಆಮೇಲೆ ದನಿ ತಗ್ಗಿತು. “ಯಾರ್ಗೂ ಹೇಳ್ಬೇಡಿ. ಕಿವುಡು ಮೇಸ್ತ್ರಿ ಹತ್ರ ಯಾರು ಗಾಡಿ ಬಿಡ್ತಾರೆ? ಶೆಡ್ಡು ಮುಚ್ಕೊಂಡು ಮನೇಲಿ ಕೂತ್ಕೋಬೇಕು. ಕೂತ್ರೆ ಸತ್ತೋಗ್ತೀನಿ ನಾನು.”

“ರೋಡಲ್ಲಿ ನಾನು ಕೇಳ್ತೀನಿ. ಸ್ಕೂಲ್ ಕ್ವಾಯರಲ್ಲಿ ಹಾಡಿದೋಳು ಕಣ್ರೀ ನಾನು.”

ಎಲ್ಲ ಮತ್ತೆ ಜೋಡಿಸಿ, ಹಿಂದೆ ನಾಲ್ಕು ಮೂಟೆ ಮರಳು ಹೇರಿದರು. ನಾನು ಸೆರಗು ಸಿಕ್ಕಿಸಿಕೊಂಡು ಮೂಟೆಗಳ ಮೇಲೆ ಕುಳಿತೆ. ನನ್ನ ವಯಸ್ಸಿಗೆ ಅದು ಡಿಗ್ನಿಫೈಡ್ ದೃಶ್ಯವೇನಲ್ಲ. ಸದ್ದು ಏರಿದಾಗ ಕ್ಯಾಬಿನ್ನಿನ ತಗಡಿಗೆ ಗುದ್ದಬೇಕು ಎಂದು ಮಾತಾಗಿತ್ತು. ಅವರು ಅದೇ ತಗಡಿಗೆ ತಲೆ ಆನಿಸಿಕೊಂಡು ಓಡಿಸಿದರು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೂ ಗುಂಯ್‌ಗುಡುವುದು ಬದಲಾಗಲಿಲ್ಲ. ಎಡ ತಿರುವಿನಲ್ಲಿ ತಗ್ಗಿತು. ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡಚಕ್ರಕ್ಕೆ ವಾಲಿ, ಸದ್ದು ಒಂದು ಸ್ವರ ಮೇಲೇರಿತು. ಗುದ್ದಿದೆ. ಗಾಡಿ ನಿಲ್ಲಿಸಿ ಇಳಿದು ಬಂದರು. ಅವರ ಮುಖದಲ್ಲಿ ನಗು. “ಎಡಗಡೆ ಬೇರಿಂಗು.”

ಬಿಚ್ಚಿದ ಬೇರಿಂಗನ್ನು ನನ್ನ ಬೆರಳಿಗೇ ಕೊಟ್ಟರು. ಒಳಗೆ ಮರಳು ಹಾಕಿದಂತೆ ಗರಗರ. ಆದರೂ ಸೋಲು ಒಪ್ಪಲಿಲ್ಲ. “ಇವತ್ತು ತಪ್ಪಿಸ್ಕೊಂಡ್ತು. ಒಂದಿನ ಕ್ರೌನೇ ಹೋಗೋದು, ಬರೆದಿಟ್ಕೊಳ್ಳಿ.”

ಕಾಯಿ ಕೊಳೆಯುವ ಮುಂಚೆ ಮಂಡಿಗೆ ಹೋಯಿತು. ಅಲ್ಲಿಂದ ಮುಂದೆ ಅವರು ಫೋನಿನಲ್ಲಿ, ನನ್ನ ಉತ್ತರಕ್ಕೂ ಕಾಯದೆ, ಒಂದೇ ಮಾತು ಹೇಳಿ ಇಟ್ಟುಬಿಡುತ್ತಿದ್ದರು. “ಮೇಡಮ್ಮಾ, ಈ ಕಡೆ ಬಂದ್ರೆ ಬನ್ನಿ.” ಯಾರದೋ ಟೆಂಪೊ, ಯಾರದೋ ಜೀಪು, ನಾನು ಹಿಂದೆ ಕೂತು ಗುದ್ದುವುದು. ಮುದುಕಿಗೆ ಸವಾರಿಯ ಹುಚ್ಚು ಎಂದು ಊರು ನಕ್ಕಿತು. ನಗಲಿ. ಯಜಮಾನರು ಹೋದಮೇಲೆ ನನ್ನನ್ನು ಬೇಕು ಎಂದು ಕರೆದವರು ಅವರೊಬ್ಬರೇ.

ಎರಡು ವರ್ಷದ ಹಿಂದೆ, ಮಾವು ಹೂಬಿಡುವ ಹೊತ್ತಿಗೆ, ಮೇಸ್ತ್ರಿ ಹೋದರು. ಹಿಂದಿನ ದಿನದವರೆಗೂ ಶೆಡ್ಡು ತೆರೆದಿತ್ತು. ಅವರ ಹೆಂಡತಿ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟರು. “ನಿಮ್ಮ ಹತ್ರ ಇರ್ಲಿ ಬಿಡಮ್ಮಾ. ಮನೇಲಿ ನಿಮ್ಮ ಮಾತೇ ಆಡ್ತಿದ್ರು.”

ಈ ಬೇಸಿಗೆಯಲ್ಲಿ ಪಿಕಪ್ ಮತ್ತೆ ಗುಂಯ್‌ಗುಟ್ಟುತ್ತಿದೆ ಎಂದು ಡ್ರೈವರ್ ಹೇಳಿದ. ನಾನು ಮೂಟೆಯ ಮೇಲೆ ಕೂತು ಹೋದೆ. ಏನೂ ಕೇಳಿಸಲಿಲ್ಲ. ಈಗ ನನ್ನ ಕಿವಿಯ ಸರದಿ, ಕೋಲಾರದ ಡಾಕ್ಟರು ಮಿಷನ್ ಹಾಕಿಕೊಳ್ಳಿ ಎಂದಿದ್ದಾರೆ.

ಚಕ್ರ ಎತ್ತಿಸಿದೆ. ಇಂಜಿನ್ ಓಡಿಸು ಎಂದೆ. ಸೊಂಟ ಬಗ್ಗಿಸಿ, ಹಿಡಿ ಕಚ್ಚಿ, ಕಬ್ಬಿಣದ ತುದಿಯನ್ನು ಮೊದಲು ಆಕ್ಸಲಿನ ಎರಡೂ ಕೊನೆಗೆ, ಆಮೇಲೆ ನಡುವಿನ ಗುಂಡನೆಯ ಭಾಗಕ್ಕೆ ಒತ್ತಿದೆ. ಅವರ ಹಲ್ಲಿನ ಗುಳಿಗಳಲ್ಲಿ ನನ್ನ ಹಲ್ಲು ಸರಿಯಾಗಿ ಕೂತವು. ದವಡೆಯೊಳಗಿಂದ, ತಲೆಬುರುಡೆಯ ತುಂಬ, ಕಡಲೆ ಅರೆದ ಹಾಗೆ ಸದ್ದು ಬಂತು.

ಈ ಸಲ ಕ್ರೌನೇ, ಮೇಸ್ತ್ರಿ.